ಗಾಜಿನ ಎದೆ, ರಬ್ಬರಿನ ಉಸಿರು

ಪೊಲೀಸ್ ಆಕ್ಷನ್ ಆಗಿ ನಿಜಾಮರ ಆಳ್ವಿಕೆ ಮುಗಿದ ಮೇಲೆ ನಮ್ಮ ಭಾಲ್ಕಿ ಶಾಲೆಗೆ ಕನ್ನಡ ಬಂತು. ಅಲ್ಲಿಯವರೆಗೆ ಉರ್ದುವಿನಲ್ಲಿ ವಿಜ್ಞಾನ ಹೇಳುತ್ತಿದ್ದ ನಾನು ಇನ್ನು ಕನ್ನಡದಲ್ಲಿ ಹೇಳಬೇಕು. ಬೀದರಿನಿಂದ ಶಾಲಾ ಇನ್ಸ್‌ಪೆಕ್ಟರ್ ಸಾಹೇಬರು ಬಂದು ಪಾಠ ಕೇಳುತ್ತಾರೆ, ಮೆಚ್ಚದಿದ್ದರೆ ಔರಾದ ಕಡೆಯ ಯಾವುದೋ ಹಳ್ಳಿಗೆ ವರ್ಗ!

ನಾನು ಹೆದರಲಿಲ್ಲ. ಉಸಿರಾಟದ ಪಾಠವನ್ನೇ ಆರಿಸಿಕೊಂಡೆ. ಕಂದೀಲಿನ ಗಾಜು ತೆಗೆದು, ಮೇಲಿನ ಬಾಯಿಗೆ ಬೂಚು ಜಡಿದು, ಅದರಲ್ಲಿ ಪಪ್ಪಾಯಿ ಎಲೆಯ ಟೊಳ್ಳು ದಂಟು ತೂರಿಸಿ, ದಂಟಿನ ಒಳತುದಿಗೆ ಒಂದು ಫುಗ್ಗಾ, ಅಂದರೆ ಬಲೂನು, ಕಟ್ಟಿದೆ. ಗಾಜಿನ ತಳಕ್ಕೆ ಹರಿದ ಫುಟ್‌ಬಾಲಿನ ರಬ್ಬರು ಬಿಗಿದೆ.

"ಇದೇನ್ರಿ, ಕಂದೀಲಿಗಿ ಹೊಟ್ಟಿ ಕಟ್ಟೀರಿ?" ಎಂದಳು ಹೆಂಡತಿ ಗಂಗಮ್ಮ.

"ಹೊಟ್ಟಿ ಅಲ್ಲ, ಎದಿ! ಫುಗ್ಗಾ ಅಂದ್ರ ಶ್ವಾಸಕೋಶ. ಕೆಳಗಿನ ರಬ್ಬರು ವಪೆ, ಎದಿಗೂ ಹೊಟ್ಟಿಗೂ ನಡುವಿನ ಸ್ನಾಯು. ನೋಡು."

ರಬ್ಬರನ್ನು ಕೆಳಗೆ ಎಳೆದೆ. ಒಳಗೆ ಜಾಗ ಹೆಚ್ಚಾಗಿ, ಹೊರಗಿನ ಗಾಳಿ ದಂಟಿನೊಳಗಿಂದ ನುಗ್ಗಿ, ಫುಗ್ಗಾ ಮೆಲ್ಲಗೆ ಉಬ್ಬಿತು. ಬಿಟ್ಟೆ, ಕುಗ್ಗಿತು.

"ಅಯ್ಯ! ಊದೋರ ಯಾರೂ ಇಲ್ಲ, ತಾನೇ ಉಬ್ಬತದಲ್ರಿ!" ಗಂಗಮ್ಮ ತನ್ನ ಎದೆಯ ಮೇಲೆ ಕೈಯಿಟ್ಟು ನಿಂತಳು. "ಮಲಗಿದಾಗೂ ಹಿಂಗೇ ನಡೀತದೇನ್ರಿ? ಯಾರೂ ಹೇಳದೆ?"

ನನಗೂ ಮೈ ಜುಮ್ಮೆಂದಿತು. ಇಷ್ಟು ಅದ್ಭುತವಾದ ಯಂತ್ರ ನನ್ನಂಥವನೊಳಗೂ ಇದೆಯಲ್ಲ!

ಮರುದಿನ ಬೆಳಿಗ್ಗೆ ರೊಟ್ಟಿ, ಖಾರದ ಚಟ್ನಿ ಗಬಗಬ ನುಂಗಿ, ಶೇರ್ವಾನಿ ತೊಟ್ಟು ತರಗತಿಗೆ ಹೋದೆ. ಸಾಹೇಬರು ಕುರ್ಚಿಯಲ್ಲಿ ಗಂಭೀರವಾಗಿ ಕುಳಿತಿದ್ದರು. ಗಾಜಿನ ಎದೆಯನ್ನು ಎತ್ತಿ ಹಿಡಿದು ರಬ್ಬರು ಎಳೆದೆ. ಫುಗ್ಗಾ ಅಲುಗಲಿಲ್ಲ. ಬೂಚು ಸಡಿಲಾಗಿತ್ತು. ಇನ್ನೂ ಜೋರಾಗಿ ಎಳೆದೆ. ದಾರ ಕಳಚಿ ರಬ್ಬರು ಹಾರಿ ನನ್ನ ಮೂಗಿಗೇ ಬಡಿಯಿತು!

ಮಕ್ಕಳು ಬಾಯಿ ಮುಚ್ಚಿಕೊಂಡರು. ಸಾಹೇಬರು ಮೀಸೆ ಮುಚ್ಚಿಕೊಂಡರು.

"ಗಾಜಿಂದು ಇರಲಿರಿ ಸಾಹೇಬ್ರ, ಅಸಲಿ ಎದಿ ಇಲ್ಲಿ ಅದ!" ಎಂದು ಶೇರ್ವಾನಿಯ ಗುಂಡಿ ಬಿಚ್ಚಿ ಹೊಟ್ಟೆಯ ಮೇಲೆ ಕೈಯಿಟ್ಟೆ. "ಮಕ್ಕಳೇ, ವಪೆ ನಮ್ಮ ಸೇವಕ. ನಾನು ಎಳಿ ಅಂದ್ರ ಎಳೀತದ, ಬಿಡು ಅಂದ್ರ ಬಿಡ್ತದ!"

ದೀರ್ಘವಾಗಿ ಉಸಿರೆಳೆದೆ.

"ಹಿಕ್!"

ಬಿಕ್ಕಳಿಕೆ! ಒಂದರ ಹಿಂದೆ ಒಂದು!

"ಕ್ಯಾ ಹುವಾ ಮಾಸ್ತರ್ ಸಾಬ್? ಏನಾತ್ರಿ?" ಸಾಹೇಬರು ಎದ್ದರು.

ಪಾಠ ನಿಲ್ಲಿಸಿದರೆ ಔರಾದ! ಮುಂದುವರಿಸಿದೆ. "ಇದೂ ವಪೆದೇ ಕೆಲಸರಿ! ಒಮ್ಮಿಗೇ ಸೆಳೀತದ, ಗಾಳಿ ಒಳಗ... ಹಿಕ್!... ನುಗ್ಗತದ, ಆವಾಗ ಗಂಟಲ ಬಾಗಿಲ ಧಡ್ ಅಂತ... ಹಿಕ್!... ಮುಚ್ಚತದ್ರಿ. ಅದೇ ಈ ಸಪ್ಪಳ... ಹಿಕ್!"

ಶೇರ್ವಾನಿ ಕುಣಿಯಿತು. ಮಕ್ಕಳೆಲ್ಲ ತಮ್ಮ ತಮ್ಮ ಹೊಟ್ಟೆ ಹಿಡಿದು, ಉಸಿರೆಳೆದು, ಬಿಟ್ಟು, ವಪೆ ಎಲ್ಲಿದೆಯೆಂದು ಹುಡುಕತೊಡಗಿದರು. ಸಾಹೇಬರ ಕೈಯೂ ಅವರ ಹೊಟ್ಟೆಯ ಮೇಲಿತ್ತು!

ನಕ್ಕು ಕಣ್ಣೊರೆಸಿಕೊಂಡು ಅವರೆಂದರು: "ಮಾಸ್ತರ್ ಸಾಬ್, ನೀವು ಇಲ್ಲೇ ಇರ್ರಿ. ನಿಮಗ ಬ್ಯಾರೆ ಸಾಮಾನೇ ಬೇಕಾಗಿಲ್ಲ."

ಆ ವರ್ಷದ ಪರೀಕ್ಷೆಯಲ್ಲಿ 'ವಪೆ ಎಂದರೇನು?' ಎಂದು ಕೇಳಿದೆ. ಇಡೀ ತರಗತಿ ಒಂದೇ ಉತ್ತರ ಬರೆದಿತ್ತು: 'ಎದೆಗೂ ಹೊಟ್ಟೆಗೂ ನಡುವೆ ಇದ್ದು, ನಮ್ಮ ಮಾಸ್ತರರ ಮಾತು ಕೇಳದ ಸ್ನಾಯು.'

ತಪ್ಪು ಹುಡುಕಿದೆ, ಸಿಗಲಿಲ್ಲ. ಎಲ್ಲರಿಗೂ ಪೂರ್ತಿ ಅಂಕ ಕೊಟ್ಟೆ.