ಚೊಕ್ಕ ಅಲ್ಯೂಮಿನಿಯಂ ಮತ್ತು ನಮ್ಮ ಮಾವ

೧೯೮೬ರಲ್ಲಿ ನಾನು ಶಾಲೆ ಬಿಟ್ಟೆ, ಏಳನೆಯ ತರಗತಿಯ ನಡುವೆಯೇ. ಬಿಟ್ಟೆ ಎನ್ನುವುದಕ್ಕಿಂತ, ಕಾಲುವೆ ಅಗೆಯಲು ಬಂದ ಯಂತ್ರಗಳು ನನ್ನನ್ನು ಬಿಡಿಸಿಕೊಂಡವು ಎನ್ನಬೇಕು. ಅವುಗಳ ರಿಪೇರಿ ನೋಡುತ್ತ ನಿಂತವನು ಪಾನಾ ಎತ್ತಿಕೊಡುವವನಾದೆ. ಕೊನೆಗೆ ಶಹಾಪುರದಲ್ಲಿ ಸ್ವಂತ ಕುಲುಮೆ ಹಾಕಿ ಪಂಪಿನ ಬಿಡಿಭಾಗ ಎರಕ ಹೊಯ್ಯುವವನಾದೆ. ಹೆಮ್ಮೆ ಎಂದರೆ ಹೆಮ್ಮೆಯೇ. ಈ ಕಾಲುವೆಯ ನೀರೆತ್ತುವ ಪಂಪುಗಳಲ್ಲಿ ನನ್ನ ಕೈ ಸೋಕದವು ಕಡಿಮೆ.

ಆದರೆ ಲೋಹದಲ್ಲಿ ಚೊಕ್ಕತನ ದೊಡ್ಡ ಗುಣವಲ್ಲ ಎಂದು ಜನರಿಗೆ ತಿಳಿಸುವುದರಲ್ಲೇ ನನ್ನ ಅರ್ಧ ಆಯುಷ್ಯ ಹೋಗಿದೆ. ಚೊಕ್ಕ ಅಲ್ಯೂಮಿನಿಯಂ ಹೊಸ ಅಳಿಯನ ಹಾಗೆ: ನೋಡಲು ಹೊಳಪು, ಭಾರ ಬಿದ್ದರೆ ಬಾಗುತ್ತದೆ. ಅದಕ್ಕೊಂದಿಷ್ಟು ಸಿಲಿಕಾನ್, ಚಿಟಿಕೆಯಷ್ಟು ಮೆಗ್ನೀಷಿಯಂ ಸೇರಿಸಿದರೆ ಅದೇ ಹಗುರ ಲೋಹ ಗಟ್ಟಿಯಾಗಿ ನಿಲ್ಲುತ್ತದೆ. ಹಳೆಯ ಪಿಸ್ಟನ್ನುಗಳಲ್ಲಿ ಇವೆಲ್ಲ ಮೊದಲೇ ಇರುತ್ತವೆ. ನನ್ನ ಅಂಗಡಿಯಲ್ಲಿ ಅವುಗಳ ರಾಶಿ ಕಂಡವರು ಮಾತ್ರ ಗುಜರಿ ಎನ್ನುತ್ತಾರೆ.

ಎಲ್ಲರಿಗಿಂತ ಜೋರಾಗಿ ಹಾಗೆನ್ನುತ್ತಿದ್ದವರು ದೇವಾಪುರದ ನಮ್ಮ ಮಾವ, ನನ್ನ ಹೆಂಡತಿಯ ತಂದೆ. ಅವರ ಮೆಣಸಿನಕಾಯಿ ಹೊಲ ಕಾಲುವೆಗಿಂತ ಎತ್ತರದಲ್ಲಿದೆ, ಪಂಪಿಲ್ಲದೆ ನೀರು ಹತ್ತುವುದಿಲ್ಲ. ಒಂದು ವರ್ಷ ಪಂಪಿನ ಒಳಚಕ್ರ ಒಡೆಯಿತು. ಗಿಡ ಹೂವಿಗೆ ಬಂದಿತ್ತು, ಕಾಲುವೆ ಬಂದ್ ಆಗಲು ವಾರವಷ್ಟೇ ಉಳಿದಿತ್ತು. ಮಾವ ಅತ್ತೆಯ ಎರಡು ಹೊಸ ಅಲ್ಯೂಮಿನಿಯಂ ಬೋಗುಣಿಗಳನ್ನು ಚೀಲದಲ್ಲಿ ಹೊತ್ತು ಬಂದರು.

"ಅಳಿಯಾವ್ರ, ಇದು ಚೊಕ್ಕ ಮಾಲು. ಇದನ್ನ ಕರಗಿಸಿ ಚಕ್ರ ಮಾಡ್ರಿ. ನಿಮ್ಮ ಗುಜರಿ ಬೆರಸಬ್ಯಾಡ್ರಿ."

ನಮ್ಮ ಕಡೆ ಪತ್ತಾರನಿಗೆ ಬಂಗಾರ ಕೊಟ್ಟವರು ಕರಗಿ ಮುಗಿಯುವವರೆಗೆ ಎದುರಿಗೇ ಕೂರುತ್ತಾರೆ. ಮಾವನೂ ಹಾಗೆಯೇ ಕುಲುಮೆಯ ಮುಂದೆ ಕಾವಲು ಕೂತರು. ನಾನು ಪಿಸ್ಟನ್ ರಾಶಿಯ ಕಡೆ ಕೈ ಚಾಚಿದರೆ ಸಾಕು, ಕೆಮ್ಮುತ್ತಿದ್ದರು. ಮಾವನ ಎದುರು ಯಾವ ಅಳಿಯನ ವಿದ್ಯೆ ನಡೆದೀತು? ಅವರು ಹೇಳಿದಂತೆಯೇ ಹೊಯ್ದುಕೊಟ್ಟೆ. ಉಸುಕು ಬೆರೆತ ನೀರಿನಲ್ಲಿ ತಿರುಗಿದ ಆ ಚಕ್ರ, ಎಲೆಗಳು ನೆನೆದ ಹಪ್ಪಳದಂತೆ ಮಡಚಿಕೊಂಡು ಮರಳಿ ಬಂತು.

ರೊಟ್ಟಿ ಬಡಿಸುತ್ತ ಹೆಂಡತಿ ಕೇಳಿದಳು: "ನಮ್ಮಪ್ಪನ ಹೊಲ ಒಣಗಾಕತ್ತೈತಿ. ನಿಮ್ಮ ಎರಕ ಅಂದ್ರ ಇಷ್ಟೇ ಏನ್ರಿ?"

ಅರ್ಧ ರೊಟ್ಟಿಗೇ ಎದ್ದೆ. ಈ ಸಲ ಮಾವ ಕೆಮ್ಮಿದರೂ ಕೇಳಲಿಲ್ಲ. ಮಡಚಿದ ಚಕ್ರದ ಜೊತೆ ಪಿಸ್ಟನ್ನುಗಳನ್ನು ಹಾಕಿದೆ. ಮರಳಿ ಕರಗಿಸಿದಾಗ ಮೆಗ್ನೀಷಿಯಂ ಸ್ವಲ್ಪ ಸುಟ್ಟುಹೋಗುತ್ತದೆ. ಆ ಕೊರತೆ ತುಂಬಲು ಅದರದೇ ಒಂದು ಚೂರನ್ನು ಕರಗಿದ ಲೋಹದ ತಳಕ್ಕೆ ಅದುಮಬೇಕು. ಆತುರದಲ್ಲಿ ಅದು ಪೂರ್ತಿ ಮುಳುಗದೆ, ಕಣ್ಣು ಕೋರೈಸುವ ಬಿಳಿ ಬೆಂಕಿ ಎದ್ದಿತು. ಮಾವ ಸ್ಟೂಲಿನಿಂದ ಜಿಗಿದರು. 'ಅಳಿಯಾವ್ರ' ಎಂಬ ಮರ್ಯಾದೆಯೂ ಜಿಗಿದುಹೋಯಿತು.

"ಏನೋ ಇದು, ಪಟಾಕಿನೂ ಬೆರಸ್ತೀಯೇನು?"

"ಅಡಗಿಗೆ ಉಪ್ಪು ಹಾಕಿದಂಗ್ರಿ ಮಾವ."

"ಉಪ್ಪು ಹಾಕಿದ್ರ ಮೀಸಿ ಸುಡಂಗಿಲ್ಲೋ!"

ಆ ಚಕ್ರ ಮಡಚಲಿಲ್ಲ. ಕಾಲುವೆ ಬಂದ್ ಆಗುವ ಮೊದಲೇ ಹೊಲದ ಕೊನೆಯ ಸಾಲೂ ನೆನೆಯಿತು. ಕಾಲುವೆ ದಂಡೆಯ ಮೇಲೆ ಮಾವ ಪಕ್ಕದ ಹೊಲದವರಿಗೆ ಹೇಳುವುದು ಕೇಳಿಸಿತು: "ಬೆರಸೂದ್ರಾಗ ನಮ್ಮ ಅಳಿಯನ್ನ ಮೀರಸಾವ್ರು ಸುರಪುರ ತನಕ ಯಾರೂ ಇಲ್ರಿ!" ಇಂಥ ಹೊಗಳಿಕೆ ಹಾಲು ಮಾರುವವನಿಗೆ ಸಿಕ್ಕಿದ್ದರೆ ಅವನು ಊರು ಬಿಡಬೇಕಾಗುತ್ತಿತ್ತು. ನಾನು ಎದೆಯುಬ್ಬಿಸಿ ಮನೆಗೆ ಬಂದೆ.

ಆ ಉಬ್ಬಿನಲ್ಲೇ, ಅತ್ತೆಗೆ ಹೊಸ ಬೋಗುಣಿ ನಾನೇ ಹೊಯ್ದುಕೊಡುತ್ತೇನೆ ಎಂದೆ. "ಬ್ಯಾಡ್ರಿ," ಎಂದಳು ಹೆಂಡತಿ, "ಅನ್ನದ ಬೋಗುಣಿಯರ ಚೊಕ್ಕ ಇರ್ಲಿ."

ಈಗ ನನ್ನಲ್ಲಿ ಎರಡು ಕುಲುಮೆ, ಒಂದು ಲೇಥು, ನಾಲ್ವರು ಕೆಲಸಗಾರರು, ಒಂದು ಸ್ವಂತ ಮನೆ ಇವೆ. ಆ ಮನೆಯ ಅಡುಗೆಕೋಣೆಯಲ್ಲಿ, ನಾನು ಊಟಕ್ಕೆ ಕೂರುವ ಜಾಗದ ಎದುರಿಗೇ, ಅತ್ತೆ ಕಳಿಸಿದ, ಕರಗಿಹೋದ ಆ ಬೋಗುಣಿಗಳ ಎರಡು ಮುಚ್ಚಳ.