ಕಾಕಾ ತೋರಿಸಿದ ಬಸವಕಲ್ಯಾಣ

ನಮ್ಮ ಕಾಕಾ ಸೂರ್ಯನನ್ನೂ ಪೂರ್ತಿ ನಂಬಿದವರಲ್ಲ. ದಿನಾ ಬೆಳಿಗ್ಗೆ ಅಂಗಳಕ್ಕೆ ಬಂದು, ಅವನು ಪೂರ್ವದಲ್ಲೇ ಹುಟ್ಟಿದ್ದಾನೆಂದು ಖಾತ್ರಿ ಮಾಡಿಕೊಂಡೇ ಹಲ್ಲುಜ್ಜುತ್ತಾರೆ! ತಪ್ಪು ಅವರದಲ್ಲ. ನನ್ನ ಅಪ್ಪನ ಈ ತಮ್ಮ ಹುಮನಾಬಾದಿನ ಧಾನ್ಯದ ಪೇಟೆಯಲ್ಲಿ ದಲಾಲರಾಗಿಯೇ ತಲೆ ಬೆಳ್ಳಗೆ ಮಾಡಿಕೊಂಡವರು. ತೊಗರಿಯ ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ, ತಳದ ಕಾಳನ್ನು ಅಂಗೈಗೆ ಸುರಿದುಕೊಳ್ಳದೆ ಯಾರ ಮಾತಿಗೂ ತಲೆಯಾಡಿಸಿದವರಲ್ಲ.

ಪೇಟೆ ಬಿಟ್ಟು ಮನೆಯಲ್ಲಿ ಕೂತ ಮೇಲೆ ಆ ವಿದ್ಯೆ ಸುಮ್ಮನಿರುತ್ತದೆಯೇ? ಅಷ್ಟರಲ್ಲಿ ನನ್ನ ಮಗಳಿಗೆ ಗಂಡು ನೋಡುವುದು ಶುರುವಾಯಿತು. ವರನಿಗೆ ಕೊಳವೆ ಚುಚ್ಚಲು ಕಾನೂನಿನ ಅಡ್ಡಿಯಿದೆ. ಹಾಗಾಗಿ ಕಾಕಾ ಹೊಸದೊಂದು ಶಾಸ್ತ್ರವನ್ನೇ ರಚಿಸಿದರು: ಗಂಡಿನ ಕಡೆಯವರನ್ನು ಬಸವಕಲ್ಯಾಣಕ್ಕೆ ಕರೆದೊಯ್ದು, ಊರು ತೋರಿಸುವ ನೆಪದಲ್ಲಿ ಮಧ್ಯಾಹ್ನದ ಬಿಸಿಲಲ್ಲಿ ನಡೆಸುವುದು. ಕೋಟೆ, ಗವಿಗಳು, ಬಂದವರ ಓಣಿ, ಕೊನೆಗೆ ತ್ರಿಪುರಾಂತ ಕೆರೆ.

"ಕುಂತಲ್ಲಿ ಎಲ್ಲಾರೂ ಛಲೋನೇ ಇರ್ತಾರ. ಚೂಡಾ, ಚಹಾ ಕೊಟ್ರ ಕಳ್ಳನೂ ನಗತಾನ. ನಡಸಬೇಕು! ಕಾಲು ನೋಯಾಕತ್ತಾಗ ಖರೇ ಮನಶ್ಯಾ ಹೊರಗ ಬರ್ತಾನ."

ಮೊದಲ ವರ ಕೋಟೆಯಲ್ಲೇ ಬಿದ್ದ. ಬಿದ್ದದ್ದು ದೇಹವಲ್ಲ, ಕಾಕಾನ ಪರೀಕ್ಷೆಯ ಅಂಕ! ತಾಯಿ ಏದುಸಿರು ಬಿಡುತ್ತ ಕೆಳಗೆ ಉಳಿದಿದ್ದರೆ ಇವನು ಬುರುಜಿನ ಮೇಲೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದ. ಎರಡನೆಯವನಿಗೆ ಕಾಕಾ ಬೇಕೆಂದೇ, ಕೋಟೆಯ ಫಿರಂಗಿಯನ್ನು ಗೋಧಿ ಹಿಟ್ಟಿನಲ್ಲಿ ಎರಕ ಹೊಯ್ದದ್ದೆಂದು ಹೇಳಿದರು. ಹುಡುಗ ಪರಮ ಭಕ್ತಿಯಿಂದ "ಹೌದ್ರಿ, ಹೌದ್ರಿ" ಎಂದ.

"ಎಲ್ಲಾದಕ್ಕೂ ಹೌದ್ರಿ ಅನ್ನಾಂವ ನಾಳೆ ಅವ್ರವ್ವ ಅಂದದ್ದಕ್ಕೂ ಹೌದ್ರಿ ಅಂತಾನ. ಬ್ಯಾಡ!"

ಮೂರನೆಯವನು ಅದೇ ಹಿಟ್ಟಿಗೆ "ಸುಳ್ಳದರಿ" ಎಂದುಬಿಟ್ಟ. "ಇಂಥಾಂವ ಪಲ್ಯಾದಾಗ ಉಪ್ಪು ಕಮ್ಮಿ ಆದ್ರ ಸುಮ್ಮನಿರ್ತಾನೇನು?" ಅವನೂ ವಾಪಸ್. ಸಾಕ್ಷಾತ್ ಶಿವನೇ ನಂದಿ ಏರಿ ಬಂದಿದ್ದರೂ "ಸ್ವಂತ ಮನಿ ಇಲ್ಲ, ಸುಡಗಾಡದಾಗ ಇರ್ತಾನ" ಎನ್ನುತ್ತಿದ್ದರೇನೋ!

ನಾಲ್ಕನೆಯ ಸಲ ಮಾತ್ರ ಮನೆಯಲ್ಲಿ ಯಾರೂ ನಗಲಿಲ್ಲ. ಈ ಹುಡುಗನನ್ನು ಮಗಳೇ ಮೆಚ್ಚಿದ್ದಳು. ಹುಮನಾಬಾದಿನ ಔಷಧ ಕಾರ್ಖಾನೆಯೊಂದರಲ್ಲಿ ಇಬ್ಬರದೂ ಒಂದೇ ಪಾಳಿ.

"ಅಪ್ಪಾ, ಅಜ್ಜಗ ಹೇಳು, ಈ ಸಲ ಕೋಟಿ ಬ್ಯಾಡ. ಅಜ್ಜನ ಮಾತು ಮೀರಿ ನಾ ಲಗ್ನ ಆಗಂಗಿಲ್ಲ. ಇವನ್ನ ಬಿಟ್ಟು ಬ್ಯಾರೆದವನ್ನೂ ಆಗಂಗಿಲ್ಲ."

ಹೇಳಿದೆ. ಕಾಕಾ ನನ್ನನ್ನೇ ಶಂಕೆಯಿಂದ ನೋಡಿದರು. "ಕೋಟಿ ಯಾಕ ಬ್ಯಾಡ? ಹುಡುಗನ ಮೊಣಕಾಲಿಗೆ ಏನರ ಆಗ್ಯದೇನು?"

ಹೊರಟೆವು. ಮಗಳೂ ಹಠ ಹಿಡಿದು ಜೊತೆಗೆ ಬಂದಳು. ಹುಡುಗ ಕಾಕಾನ ಹೆಜ್ಜೆಗೆ ಸರಿಯಾಗಿ ಹೆಜ್ಜೆ ಹಾಕಿದ. ಕಾಕಾನಿಗೆ ಮೊದಲ ಅನುಮಾನ ಅದೇ! ನೀರಿನ ಬಾಟಲಿಯನ್ನು ಮೊದಲು ಜೊತೆಗೆ ಬಂದಿದ್ದ ತನ್ನ ತಾಯಿಗೆ ಕೊಟ್ಟ. "ಯಾರೋ ಕಲಿಸಿ ಕಳಿಸ್ಯಾರ" ಎಂದು ಕಾಕಾ ನನ್ನ ಕಿವಿಯಲ್ಲಿ ಉಸುರಿದರು. ಬಂದವರ ಓಣಿಯಲ್ಲಿ ನಿಂತು, "ಹಿಂದಕ ಕಲ್ಯಾಣಕ್ಕ ಬಂದವರನ್ನ ಇಲ್ಲೇ ನಿಂದರಿಸಿ ಪರೀಕ್ಷಾ ಮಾಡ್ತಿದ್ರಂತ. ಹಂಗs ಒಳಗ ಬಿಡ್ತಿರಲಿಲ್ಲ" ಎಂದು ಅರ್ಥಗರ್ಭಿತವಾಗಿ ಕೆಮ್ಮಿದರು.

ಹುಡುಗನ ತಾಯಿ ಗೋಡೆಗೆ ಒರಗಿ, "ಪಾಪ, ಅವರ ಕಾಲೂ ಹಿಂಗs ನೋಯ್ತಿದ್ವೇನೋ" ಎಂದರು.

ಕೆರೆಯ ದಂಡೆಗೆ ಬಂದಾಗ ಬಿಸಿಲು ಇಳಿದಿತ್ತು. ಕಾಕಾ ಕೊನೆಯ ಅಸ್ತ್ರ ಬಿಟ್ಟರು. "ಈ ಕೆರಿ ಅದ ನೋಡು, ಒಂದ ಆನಿ ಒಂದ ರಾತ್ರಿದಾಗ ತೋಡಿದ್ದು."

ಹೌದೆಂದರೂ ಕೆಟ್ಟ, ಅಲ್ಲವೆಂದರೂ ಕೆಟ್ಟ! ಹುಡುಗ ನೀರನ್ನು ನೋಡಿದ, ಕಾಕಾನನ್ನು ನೋಡಿದ.

"ಮತ್ತ ಅಷ್ಟು ಮಣ್ಣು ಎಲ್ಲಿ ಒಗೀತ್ರೀ, ಅಜ್ಜಾರ?"

ಮಣ್ಣಿನ ಬಗ್ಗೆ ಕಾಕಾ ವಿಚಾರವನ್ನೇ ಮಾಡಿರಲಿಲ್ಲ! ಜೀವಮಾನವಿಡೀ ಕಂಡವರ ಚೀಲಕ್ಕೆ ಕೊಳವೆ ಹಾಕಿದವರ ಚೀಲಕ್ಕೇ ಒಬ್ಬ ಕೊಳವೆ ಹಾಕಿದ್ದ.

ಹುಡುಗ ಎಲ್ಲರಿಗೂ ಚಹಾ ತರಲು ಹೋದ. ಕಾಕಾ ಕಲ್ಲಿನ ಮೇಲೆ ಕೂತರು. ಮಗಳು ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದಳು.

"ಅಜ್ಜಾ, ಅವನಾಗ ಖೋಟ್ ಏನರ ಸಿಕ್ತೇನು?"

"ಇಲ್ಲವ್ವಾ. ಎಷ್ಟು ಹುಡುಕಿದ್ರೂ ಸಿಗಲಿಲ್ಲ."

"ಮತ್ತ ಮಾರಿ ಯಾಕ ಹಿಂಗ ಸಣ್ಣ ಮಾಡಿಕೊಂಡಿ?"

"ಸಿಕ್ಕಿದ್ರ ಇನ್ನೊಂದ ವರ್ಷ ನೀ ಮನ್ಯಾಗ ಇರ್ತಿದ್ದಿ."

ಚಹಾ ಮುಗಿಯಿತು. ಹುಡುಗನ ತಾಯಿ ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ಕಾಕಾ ಕೈ ಅಡ್ಡ ಹಿಡಿದರು. "ತಡೀರಿ, ಕೆರಿ ಆ ಮಗ್ಗಲ ತೋರಸೂದು ಉಳದದ."

ನಾವು ಬಂದದ್ದೇ ಆ ಮಗ್ಗುಲಿನಿಂದ. ಮಗಳು ಚಪ್ಪಲಿ ಮೆಟ್ಟಿಕೊಂಡಳು.

"ನಡಿ ಅಜ್ಜಾ" ಎಂದಳು. "ಸಾವಕಾಶ ನೋಡೋಣು."