ಆಕಾಶನೌಕೆಯ ರೂಲು ಮತ್ತು ನಮ್ಮ ಮಾವ

ನಮ್ಮ ಸೋದರಮಾವನ ಕೈಗೆ ಯಾವ ವಿಷಯವನ್ನಾದರೂ ಬಿಡಿಸಿ ಹೇಳಲು ಕೊಟ್ಟು ನೋಡಿ. ಅರ್ಥವಾಗದವರಿಗೆ ಅರ್ಥವಾಗುತ್ತದೋ ಇಲ್ಲವೋ, ಮೊದಲೇ ಅರ್ಥವಾಗಿದ್ದವರಿಗೆ ಮಾತ್ರ ಖಂಡಿತ ಅರ್ಥವಾಗದ ಹಾಗೆ ಮಾಡುತ್ತಾನೆ! ಒಮ್ಮೆ ಗಂಜಾಂನ ನಮ್ಮ ಮನೆಗೆ ಬಂದು ಜಗುಲಿಯಲ್ಲಿ ಕೂತಿದ್ದಾಗ ಯಾರೋ ಪರವೂರಿನ ದಂಪತಿ ಕಾರು ನಿಲ್ಲಿಸಿ ನಿಮಿಷಾಂಬ ದೇವಸ್ಥಾನಕ್ಕೆ ದಾರಿ ಕೇಳಿದರು. ನಮ್ಮ ಮನೆಯಿಂದ ದೇವಸ್ಥಾನಕ್ಕೆ ಹೋಗುವುದೆಂದರೆ ನೇರ ಹೋಗುವುದು, ಅಷ್ಟೆ. ಮಾವ ಶುರು ಮಾಡಿದ. ನೇರ ಎಂದರೆ ಯಾವ ನೇರ? ಕಾರಿನವರ ನೇರವೋ, ನಡೆದು ಹೋಗುವವರ ನೇರವೋ? ಹೊಳೆಯಲ್ಲಿ ಕಾಲು ತೊಳೆದು ಹೋಗುವವರೋ, ಹಾಗೇ ಹೋಗುವವರೋ? ಎಲ್ಲವನ್ನೂ ಭಕ್ತಿಯಿಂದ ಕೇಳಿಸಿಕೊಂಡ ಆ ದಂಪತಿ ಕಾರು ತಿರುಗಿಸಿಕೊಂಡು ಮೈಸೂರಿನ ಕಡೆ ಹೊರಟೇ ಹೋದರು. "ಅವಸರದ ಜನ" ಎಂದು ಮಾವ ಅವರ ಮೇಲೆ ಮರುಕಪಟ್ಟ.

ಇಂಥವನ ಕೈಗೆ ಒಂದು ರೂಲು ಪುಸ್ತಕ ಸಿಕ್ಕರೆ ಏನಾಗಬೇಡ? ಸಿಕ್ಕಿತು, ಆಯಿತು.

ಸಿಗುವಂತೆ ಮಾಡಿದವಳು ಅವನ ಮಗಳು ಶ್ವೇತಾ. ನಾಗಮಂಗಲದ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ, ಭಾನುವಾರ ಪಾಂಡವಪುರದ ಹತ್ತಿರದ ತನ್ನ ಹಳ್ಳಿಗೆ ಬರುತ್ತಾಳೆ. ಯಾರಿಂದಲೋ ಒಂದು ಆಟ ಕಲಿತು, ಇಟ್ಟಿಗೆಯಷ್ಟು ದಪ್ಪನೆಯ ಪುಸ್ತಕವನ್ನೂ ಒಂದು ಚೀಲ ದಾಳಗಳನ್ನೂ ಹೊತ್ತು ತಂದಳು. ಮೇಜಿನ ಸುತ್ತ ಕೂತು ಕತೆ ಕಟ್ಟುವ ಆಟ ಅದು. ಒಬ್ಬರು ಕತೆ ನಡೆಸುತ್ತಾರೆ. ಮಿಕ್ಕವರು ಆ ಕತೆಯಲ್ಲಿ ಒಂದೊಂದು ಪಾತ್ರವಾಗಿ, ತಮ್ಮ ಸರದಿ ಬಂದಾಗ ಏನು ಮಾಡುತ್ತೇವೆಂದು ಬಾಯಿಬಿಟ್ಟು ಹೇಳಬೇಕು. ಅದು ಕೈಗೂಡುತ್ತದೋ ಇಲ್ಲವೋ ದಾಳ ತೀರ್ಮಾನಿಸುತ್ತದೆ. ಕತೆ ನಡೆಯುವ ಲೋಕದಲ್ಲಿ ಆಕಾಶನೌಕೆಯೂ ಉಂಟು, ಮಂತ್ರವಾದಿಯೂ ಉಂಟು, ರೋಬೋಟಿಗೆ ದೃಷ್ಟಿ ನಿವಾಳಿಸುವ ಅಜ್ಜಿಯೂ ಉಂಟು. ಪುಸ್ತಕದಲ್ಲಿ ವಿಜ್ಞಾನ ಬರೆದವನಿಗೂ ಮಂತ್ರ ಬರೆದವನಿಗೂ ಮಾತು ಬಿಟ್ಟುಹೋಗಿತ್ತೋ ಏನೋ, ಒಂದು ಪುಟದ ರೂಲು ಇನ್ನೊಂದು ಪುಟದ ರೂಲಿನ ಮುಖ ನೋಡುವುದಿಲ್ಲ.

ಶಾಲೆಯಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುವ ನನಗೆ ಈ ವಯಸ್ಸಿನಲ್ಲಿ ಇದೆಲ್ಲ ಏಕೆ ಬೇಕಿತ್ತು ಎಂದು ನೀವು ಕೇಳಬಹುದು. ಬೇಕಾಗಿದ್ದು ನನಗಲ್ಲ, ನಮ್ಮವರಿಗೆ.

ನಮ್ಮವರು ಶ್ರೀರಂಗಪಟ್ಟಣದಲ್ಲಿ ಗೈಡು. ಕೋಟೆ, ಬುರುಜು, ಸೆರೆಮನೆ ಎಂದು ಪ್ರವಾಸಿಗಳಿಗೆ ದಿನವಿಡೀ ಮಾತಾಡಿ, ಮನೆಗೆ ಬಂದು ಸುಸ್ತಾಯಿತೆಂದು ಮತ್ತೆ ಮಾತಾಡುತ್ತಿದ್ದ ಮನುಷ್ಯ. ಹೋದ ವರ್ಷ ಪಾರ್ಶ್ವವಾಯು ಹೊಡೆಯಿತು. ಕೈಕಾಲು ವಾಪಸ್ಸು ಬಂದವು, ಮಾತು ಬರಲಿಲ್ಲ. ಎಲ್ಲವೂ ಅರ್ಥವಾಗುತ್ತದೆ, ಹೇಳಬೇಕಾದದ್ದೂ ತಲೆಯಲ್ಲಿದೆ, ನಾಲಿಗೆಗೆ ಇಳಿಯುವಾಗ ಎಲ್ಲೋ ಸಿಕ್ಕಿಕೊಳ್ಳುತ್ತದೆ. ಮಾತಾಡಿಸುತ್ತಲೇ ಇರಿ, ಆದರೆ ಅವರ ಮಾತನ್ನು ನೀವು ಮುಗಿಸಬೇಡಿ, ಅವರು ಪ್ರಯತ್ನ ಬಿಟ್ಟರೆ ಈಗಿರುವುದೂ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಆದರೆ ಮನೆಗೆ ಬಂದವರೆಲ್ಲ ಮುಗಿಸುವವರೇ. ಇವರು "ಕಾ" ಎನ್ನುವಷ್ಟರಲ್ಲಿ ಒಬ್ಬರು ಕಾಫಿ ಎನ್ನುತ್ತಿದ್ದರು, ಇನ್ನೊಬ್ಬರು ಕಾಲುನೋವಾ ಎನ್ನುತ್ತಿದ್ದರು. ನಮ್ಮವರು ಬಾಯಿ ಬಿಡುವುದನ್ನೇ ಕಡಿಮೆ ಮಾಡುತ್ತಾ ಬಂದರು. ನನಗೆ ಹೆದರಿಕೆಯಾಯಿತು. ಆಗ ಶ್ವೇತಾ, ಭಾವನನ್ನು ಆಟಕ್ಕೆ ಕರೆದುಕೊಂಡು ಬಾ, ಅಲ್ಲಿ ಸರದಿ ಬಂದರೆ ಮಾತಾಡದೆ ವಿಧಿಯಿಲ್ಲ ಎಂದಳು. ಬಸ್ಸು ಹತ್ತಿ ಹೋದೆವು.

ನಮ್ಮವರು ನೌಕೆ ನಡೆಸುವವರಾದರು. ನಾನು ಗಾಯಕ್ಕೆ ಮದ್ದನ್ನೂ ಅಗತ್ಯ ಬಿದ್ದರೆ ವಿಷವನ್ನೂ ಅರೆಯುವ ನರ್ಸಾದೆ. ಶ್ವೇತಾಳ ಜೊತೆ ಓದಿದ ಪುಟ್ಟರಾಜು, ಬೂಕನಕೆರೆಯಲ್ಲಿ ಆಲೆಮನೆ ನಡೆಸುವವನು, ಮೈಯೆಲ್ಲ ಹಲ್ಲಿಯ ಚರ್ಮವಿರುವ ಮಹಾಯೋಧನಾದ. ಮಾವ ಆಟದಲ್ಲಿ ಇರಲೇ ಇಲ್ಲ. ಕಾಫಿ ಲೋಟ ಇಟ್ಟು ಹೋಗಬೇಕಾದವನು ಅಲ್ಲೇ ನಿಂತು, "ಇದ್ರಾಗೆ ತೀರ್ಮಾನ ಯೋಳೋರು ಯಾರು?" ಎಂದ. ಶ್ವೇತಾ ಪುಸ್ತಕ ತೋರಿಸಿದಳು. ಮಾವ ಒಳಗೆ ಹೋಗಿ ಕನ್ನಡಕ ತಂದ. ನಮ್ಮ ನೆಮ್ಮದಿ ಅಲ್ಲಿಗೆ ಮುಗಿಯಿತು.

ಊರಿನಲ್ಲಿ ತೀರ್ಮಾನ ಹೇಳುವುದೆಂದರೆ ಅವನೇ. ನಾಲೆ ನೀರು ಯಾರ ಗದ್ದೆಗೆ ಯಾವಾಗ ಎಂದು ಸರದಿ ಕಟ್ಟುವವನು ಅವನು. ಹಬ್ಬದ ಮಾರನೆಯ ದಿನ ಊರವರು ಸೇರಿ ಕುರಿ ಕುಯ್ದು, ಮಾಂಸವನ್ನು ಮನೆಗೊಂದು ಪಾಲಾಗಿ ಗುಡ್ಡೆ ಬಾಡು ಹಾಕಿದರೆ, ಯಾವ ಗುಡ್ಡೆಯಲ್ಲಿ ಮೂಳೆ ಜಾಸ್ತಿ, ಯಾವುದರಲ್ಲಿ ಚರ್ಬಿ ಜಾಸ್ತಿ ಎಂದು ನೋಡಿ ಸರಿತೂಗಿಸುವವನೂ ಅವನೇ. ಆಕಾಶಲೋಕದ ಆಡಳಿತಕ್ಕೆ ಇನ್ನೇನು ಅರ್ಹತೆ ಬೇಕು?

ಮೊದಲ ತಕರಾರು ಮಾಯವಾಗುವ ಮಂತ್ರದ್ದು. ಮಾಯವಾದವನು ಯಾರ ಕಣ್ಣಿಗೂ ಕಾಣುವುದಿಲ್ಲ ಎಂದು ಒಂದು ಪುಟದಲ್ಲಿದೆ. ಯಂತ್ರದ ಕಣ್ಣಿಗೆ ಕಾಣದ್ದು ಯಾವುದೂ ಇಲ್ಲ ಎಂದು ಇನ್ನೊಂದರಲ್ಲಿದೆ. ಪುಟ್ಟರಾಜುವಿನ ಯೋಧ ಮಾಯವಾಗಿ ಒಂದು ರೋಬೋಟಿನ ಮುಂದೆ ನಿಂತಿದ್ದಾನೆ. ಕಂಡನೋ, ಕಾಣಲಿಲ್ಲವೋ? ಶ್ವೇತಾ ದಾಳ ಹಾಕಿ ಮುಗಿಸೋಣ ಎಂದಳು. ಮಾವ ಒಪ್ಪಲಿಲ್ಲ, ಕಣ್ಣಾರೆ ನೋಡಿಯೇ ಹೇಳಬೇಕೆಂದ. ಪುಟ್ಟರಾಜುವಿಗೆ ಅಡಿಯಿಂದ ಮುಡಿಯವರೆಗೆ ಕಂಬಳಿ ಹೊದಿಸಿ ಕೊಟ್ಟಿಗೆಗೆ ನಡೆಸಿದ. ಅಲ್ಲಿದ್ದ ಹಸು ಅವನನ್ನು ಒಮ್ಮೆ ಮೂಸಿ ನೋಡಿ, ಕಂಬಳಿಯ ಮೇಲಿಂದಲೇ ಪ್ರೀತಿಯಿಂದ ನೆಕ್ಕತೊಡಗಿತು. ದಿನಾ ಬೆಲ್ಲದ ಕೊಪ್ಪರಿಗೆಯ ಮುಂದೆ ನಿಲ್ಲುವವನನ್ನು ಯಾವ ಹಸು ಬಿಟ್ಟೀತು! ಮಾವ ವಾಪಸ್ಸು ಬಂದು ಗಂಭೀರವಾಗಿ ತೀರ್ಪು ಕೊಟ್ಟ. "ಮಿಕ್ಕೋರು ಮಾಯ ಆಯ್ತಾರೆ. ಆಲೆಮನೇಲಿ ಕ್ಯಾಮೆ ಮಾಡೋನು ಮಾಯ ಆಗಾಕಿಲ್ಲ." ಬ್ರಹ್ಮಾಂಡದಲ್ಲಿ ಈ ನಿಯಮ ಇಂದಿಗೂ ಜಾರಿಯಲ್ಲಿದೆ.

ಇದಕ್ಕಿಂತ ಘನವಾದದ್ದು ಅರ್ಧ ಗಾಯದ ವಿಚಾರ. ಗುರಾಣಿ ಇದ್ದವನಿಗೆ ಏಟು ಬಿದ್ದರೆ ಅರ್ಧ ಗಾಯ ಮಾತ್ರ, ಸರಿಯಾಗಿ ಭಾಗವಾಗದಿದ್ದರೆ ಉಳಿದ ಚೂರನ್ನು ಬಿಟ್ಟುಬಿಡಿ ಎಂದು ಪುಸ್ತಕ ಹೇಳುತ್ತದೆ. ನಾನು ಗಣಿತದವಳು, ನನಗೆ ಇದರಲ್ಲಿ ಏನೂ ತೊಂದರೆ ಕಾಣಲಿಲ್ಲ. ಮಾವನಿಗೆ ಕಂಡಿತು. ಬಿಟ್ಟ ಚೂರು ಎಲ್ಲಿಗೆ ಹೋಯಿತು? ಗುಡ್ಡೆ ಬಾಡಿನಲ್ಲಿ ಚೂರು ಉಳಿದರೆ ಬೀದಿಗೆ ಎಸೆಯುತ್ತಾರೆಯೇ? ಕುಯ್ದವನಿಗೆ ಸೇರುತ್ತದೆ. ಆದ್ದರಿಂದ ಉಳಿದ ಚೂರು ಗಾಯ ಹೊಡೆದವನಿಗೇ ಸೇರತಕ್ಕದ್ದು. ನಮ್ಮಲ್ಲಿ ಎಲ್ಲರಿಗಿಂತ ಹೆಚ್ಚು ಹೊಡೆಯುತ್ತಿದ್ದವನು ಪುಟ್ಟರಾಜು. ಹೀಗೆ ಆ ಮಹಾಯೋಧ, ಯಾವ ರಾಕ್ಷಸನೂ ಮುಟ್ಟಲಾಗದವನು, ತನ್ನದೇ ಚಿಲ್ಲರೆ ಸೇರಿ ಸೇರಿ ಒಂದು ಭಾನುವಾರ ಊಟಕ್ಕೆ ಮೊದಲೇ ಸತ್ತುಹೋದ! ಅವನನ್ನು ಬದುಕಿಸಲು ನನ್ನ ಮದ್ದೆಲ್ಲ ಖಾಲಿಯಾಯಿತು. ಪುಟ್ಟರಾಜು ಆವತ್ತು ಮುದ್ದೆಯನ್ನು ಯಾರ ಮುಖವನ್ನೂ ನೋಡದೆ ನುಂಗಿದ.

ಇಷ್ಟನ್ನಾದರೂ ನಾನು ಸಹಿಸಿಕೊಂಡೆ. ಸಹಿಸಲಾಗದ್ದು ಇನ್ನೊಂದಿತ್ತು. ನಮ್ಮವರ ಸರದಿ ಬರುವುದಕ್ಕೇ ಕಾದಿದ್ದವನಂತೆ ಮಾವನಿಗೆ ಅನುಮಾನ ಹುಟ್ಟುತ್ತಿತ್ತು. ಶ್ವೇತಾ ಇವರ ಕಡೆ ತಿರುಗಿ "ಭಾವ, ನೀವೇನ್ ಮಾಡ್ತೀರಿ?" ಎನ್ನುತ್ತಿದ್ದ ಹಾಗೇ ಇವನು ಮಧ್ಯೆ ಬಾಯಿ ಹಾಕುತ್ತಿದ್ದ. ನೌಕೆಯ ಬಾಗಿಲು ಒಳಕ್ಕೆ ತೆರೆಯುತ್ತದೋ ಹೊರಕ್ಕೋ? ಚಂದ್ರನ ಮೇಲೆ ಅಮಾವಾಸ್ಯೆ ಯಾವಾಗ? ರೋಬೋಟು ಸತ್ತರೆ ಸೂತಕ ಎಷ್ಟು ದಿನ? ಎಲ್ಲರೂ ಅವನ ಮೇಲೆ ಬೀಳುತ್ತಿದ್ದೆವು, ಪುಟ್ಟರಾಜು ಪುಸ್ತಕ ಕಿತ್ತುಕೊಳ್ಳುತ್ತಿದ್ದ, ಶ್ವೇತಾ ತಲೆ ಚಚ್ಚಿಕೊಳ್ಳುತ್ತಿದ್ದಳು. ಆ ಗಲಾಟೆ ತಣ್ಣಗಾಗುವ ಹೊತ್ತಿಗೆ ನಮ್ಮವರು ಹೇಗೋ ಒಂದೆರಡು ಮಾತು ಜೋಡಿಸಿ, "ಎಡಕ್ಕೆ ತಿರುಗಿಸ್ತೀನಿ" ಎಂದೋ "ಮಂತ್ರ ಹಾಕ್ತೀನಿ" ಎಂದೋ ಹೇಳಿ ಮುಗಿಸಿರುತ್ತಿದ್ದರು. ಕಾಯಿಲೆಯ ಮನುಷ್ಯನ ಸರದಿಯನ್ನಾದರೂ ಬಿಡಬಾರದೇ ಎಂದು ನನ್ನ ಹೊಟ್ಟೆ ಉರಿಯುತ್ತಿತ್ತು.

ಕೊನೆಗೆ ಶ್ವೇತಾ ಕಾನೂನು ತಂದಳು. ಆಟ ನಡೆಯುವಾಗ ಯಾರೂ ರೂಲು ಬಿಡಿಸಿ ಹೇಳಕೂಡದು. ನಾನು ಎರಡೂ ಕೈ ಎತ್ತಿದೆ. ಮಾವ ಒಪ್ಪುವ ಮೊದಲು, ಆಟ ನಡೆಯುವುದು ಎಂದರೆ ದಾಳ ಕೈಗೆ ಬಂದಾಗಿನಿಂದಲೋ ಕೈ ಬಿಟ್ಟಾಗಿನಿಂದಲೋ, ಎಲೆ ಅಡಿಕೆ ಹಾಕಿಕೊಳ್ಳಲು ಎದ್ದರೆ ಆಟ ನಿಂತ ಹಾಗೋ ನಡೆದ ಹಾಗೋ ಎಂದು ಸಂಜೆಯವರೆಗೆ ವಿಚಾರಿಸಿದ. ಆಮೇಲೆ ಒಪ್ಪಿದ. ಅವನ ಒಂದು ಗುಣ ಹೇಳಲೇಬೇಕು, ಒಪ್ಪಿದ ರೂಲನ್ನು ಮುರಿಯುವವನಲ್ಲ.

ಮುಂದಿನ ಭಾನುವಾರ ಮಾವ ಬಾಯಿಗೆ ಟವಲು ಅಡ್ಡ ಹಿಡಿದುಕೊಂಡು ಕೂತ. ಆಟ ಹೇಗೆ ಓಡಿತು ಅಂತೀರಿ! ಊಟದ ಹೊತ್ತಿಗೆ ನಮ್ಮ ನೌಕೆ ಒಂದು ಬೆಂಕಿಪರ್ವತದ ಬಾಯಿಯ ಮೇಲೆ ಬಂದು, ಎಂಜಿನ್ನು ಕೆಟ್ಟು ನಿಂತಿತು. ಶ್ವೇತಾ ಇವರ ಕಡೆ ತಿರುಗಿದಳು. "ಭಾವ, ನೀವೇನ್ ಮಾಡ್ತೀರಿ?"

ಯಾರೂ ಮಾತಾಡಲಿಲ್ಲ. ಮಾತಾಡಲು ಏನೂ ಇರಲಿಲ್ಲ. ಎಲ್ಲರೂ ಇವರ ಮುಖವನ್ನೇ ನೋಡುತ್ತಾ ಕೂತೆವು. ಇವರ ತುಟಿ ಅಲುಗಿತು, ಕುತ್ತಿಗೆಯ ನರ ಉಬ್ಬಿತು, ಹಣೆ ಬೆವೆತಿತು. ಮಾತು ಬರಲಿಲ್ಲ. ನಾವು ಇನ್ನೂ ನೋಡುತ್ತಲೇ ಇದ್ದೆವು. ತಡೆಯಲಾರದೆ ಪುಟ್ಟರಾಜು, ಪಾಪ, ಒಳ್ಳೆಯ ಮನಸ್ಸಿನಿಂದಲೇ, ಮೇಲಕ್ಕೆ ಏರಿಸ್ತೀರಾ ಅಣ್ಣ ಎಂದ. ನಮ್ಮವರು ದಾಳವನ್ನು ಅವನ ಮುಂದಕ್ಕೆ ಸರಿಸಿ ಎದ್ದು ಹೊರಗೆ ಹೋದರು.

ಆಟ ಅಲ್ಲಿಗೇ ನಿಂತಿತು. ನಾನು ಕೊಟ್ಟಿಗೆಗೆ ಹೋದಾಗ ಮಾವ ಅಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದ. ನನಗೆ ಅಳು ಬರುವುದರಲ್ಲಿತ್ತು. ಇವತ್ತೊಂದು ದಿನ ನೀನು ಏನಾದರೂ ಒದರಬಾರದಿತ್ತೇ ಎಂದು ಅವನ ಮೇಲೇ ರೇಗಿದೆ.

"ನೀವೇ ಬಾಯ್ ಮುಚ್ಚುಸ್ಬುಟ್ರಲ್ಲವ್ವ" ಎಂದ. ಸ್ವಲ್ಪ ಹೊತ್ತು ಹುಲ್ಲು ಕೊಡವಿದ. "ಕೊನೆ ಗದ್ದೆಗೆ ನೀರು ಬಿರ್ರನೆ ಬರಾಕಿಲ್ಲ ಕಣವ್ವ, ತೆವುಳ್ಕಂಡು ಬತ್ತದೆ. ಅದು ತುಂಬೋಗಂಟ ಮೇಲ್ಗದ್ದೆಯೋರ್ನ ಏನಾರ ಮಾತಾಡುಸ್ಕಂಡು ನಿಂತಿರ್ಬೇಕು. ಸುಮ್ಕೆ ಬುಟ್ರೆ ನೀರ್ ನೋಡ್ಕಂಡು ನಿಂತ್ಕತಾರೆ, ಅರ್ಧಕ್ಕೇ ತಿರುಗ್ಸ್ಕಂಬುಡ್ತಾರೆ. ನಾನು ಅಷ್ಟು ದಿನದಿಂದ ಅಲ್ಲಿ ಇನ್ನೇನ್ ಮಾಡ್ತಿದ್ದೆ ಅನ್ಕಂಡಿದ್ದೆ?"

ನಾನು ಗೊಂತಿನ ಕಟ್ಟೆಯ ಮೇಲೆ ಕೂತುಬಿಟ್ಟೆ. ನೌಕೆಯ ಬಾಗಿಲು, ಚಂದ್ರನ ಅಮಾವಾಸ್ಯೆ, ರೋಬೋಟಿನ ಸೂತಕ, ಎಲ್ಲ ನೆನಪಾಯಿತು. ಆ ಗಲಾಟೆಯಲ್ಲಿ ನಾವು ಯಾರೂ ಇವರ ಮುಖ ನೋಡುತ್ತಿರಲಿಲ್ಲ. ಹಾಗೆಂದು ಮಾವನಿಗೆ ಎಲ್ಲಕ್ಕೂ ಮಾಫಿ ಕೊಟ್ಟೆ ಎಂದು ತಿಳಿಯಬೇಡಿ. ಅರ್ಧ ಗಾಯದ ರಾದ್ಧಾಂತ ನಡೆದದ್ದು ಪುಟ್ಟರಾಜುವಿನ ಸರದಿಯಲ್ಲಿ, ಅದು ಅಪ್ಪಟ ಹುಟ್ಟುಗುಣ!

ಆಮೇಲಿನ ಭಾನುವಾರ ನಮ್ಮವರು ಬಸ್ಸಿಗೆ ಹೊರಡಲಿಲ್ಲ. ಅದರ ಮುಂದಿನ ವಾರವೂ ತಲೆಯಾಡಿಸಿ ಗೋಡೆಯ ಕಡೆ ತಿರುಗಿದರು. ಮನೆಯಲ್ಲೂ ಮಾತು ನಿಂತಿತು. ನೀರು ಬೇಕೆಂದರೆ ಲೋಟ ತೋರಿಸುತ್ತಿದ್ದರು. ಡಾಕ್ಟರು ಹೇಳಿದ್ದ ಮಾತು ನನ್ನ ಕಿವಿಯಲ್ಲೇ ಕೂತಿತ್ತು. ಇರುವುದೂ ಹೋಗುತ್ತಿದೆ, ನಾನು ನೋಡುತ್ತಾ ಇದ್ದೇನೆ ಎನಿಸುತ್ತಿತ್ತು.

ಒಂದು ಬೆಳಿಗ್ಗೆ ಮಾವನ ಸ್ಕೂಟರು ಬಂದು ನಿಂತಿತು. ಅವರೆಕಾಯಿ ಚೀಲ ಒಳಗಿಟ್ಟು, ಜಗುಲಿಯಲ್ಲಿ ಇವರ ಪಕ್ಕ ಕೂತ. ಹೇಗಿದ್ದೀಯ ಎಂದು ಕೇಳಲಿಲ್ಲ. ಈಗ ಆಟ ನಡೆಯುತ್ತಿಲ್ಲವಾದ್ದರಿಂದ ರೂಲು ಬಿಡಿಸಲು ಅಡ್ಡಿಯಿಲ್ಲ ಎಂದು ಮೊದಲೇ ಘೋಷಿಸಿ, ಬೀದಿಯ ಕಡೆ ಮುಖ ಮಾಡಿಕೊಂಡು ಶುರು ಮಾಡಿದ.

"ನೌಕೆ ಬಿದ್ದೋಯ್ತು ಅಳಿಮಯ್ಯ. ನಡ್ಸೋನು ಎದ್ದೋದ್ಮೇಲೆ ಬೀಳ್ಲೇಬೇಕು, ಅದೇ ರೂಲು. ನಾವೆಲ್ಲ ಸತ್ತೋ. ಪುಸ್ತ್ಕ ಮುಚ್ಬುಡು ಅಂತ ಶ್ವೇತಂಗೆ ಯೋಳ್ತೀನಿ."

ಅಷ್ಟಕ್ಕೆ ನಿಲ್ಲಿಸುವವನೇ? ಬೆಂಕಿಗೆ ಮೊದಲು ಬೀಳುವುದು ನೌಕೆಯ ಮೂತಿಯೋ ಬಾಲವೋ, ಹಲ್ಲಿ ಚರ್ಮ ಬೇಯಲು ಎಷ್ಟು ಹೊತ್ತು, ಬೂದಿಯನ್ನು ಬಿಡುವುದು ಯಾವ ಹೊಳೆಗೆ, ಒಂದೊಂದನ್ನೇ ಎತ್ತಿಕೊಂಡು ಬೀದಿಗೆ ಪಾಠ ಹೇಳತೊಡಗಿದ. ಕಾಫಿ ಹಿಡಿದು ಬಂದ ನಾನು ಬಾಗಿಲಲ್ಲೇ ನಿಂತೆ. ಇವರ ತುಟಿ ಅಲುಗುತ್ತಿತ್ತು. "ಬೀ" ಎಂದರು. ನನ್ನ ನಾಲಿಗೆಯ ತುದಿಗೆ ಮಿಕ್ಕದ್ದೆಲ್ಲ ಬಂದಿತ್ತು, ಹಲ್ಲು ಕಚ್ಚಿಕೊಂಡೆ. ಮಾವ ತಿರುಗಿ ನೋಡಲಿಲ್ಲ, ಬೂದಿಯ ವಿಷಯದಲ್ಲೇ ಇದ್ದ.

"ಬೀಳಾಕಿಲ್ಲ" ಎಂದರು ನಮ್ಮವರು.

"ಯಾಕ್ ಬೀಳಾಕಿಲ್ಲ?" ಮಾವ ಬೀದಿಯನ್ನೇ ಕೇಳಿದ. ಉತ್ತರಕ್ಕೆ ಕಾಯದೆ, ತಾನು ಕಂಡ ಬೀಳುವ ವಸ್ತುಗಳನ್ನೆಲ್ಲ ವರ್ಣಿಸಿದ.

"ಮಂತ್ರ. ಕಟ್ಟಿವ್ನಿ."

"ಯಾವಾಗ್ ಕಟ್ದೆ? ನಾನೂ ಅಲ್ಲೇ ಕೂತಿದ್ನಲ್ಲ. ನನ್ ಕಣ್ಣಿಗ್ ಕಾಣ್ದಂಗೆ ಎಂಗ್ ಕಟ್ದೆ?" ಎಂದು ಮಾವ, ಕಾಣುವುದಕ್ಕೂ ಕಾಣದಿರುವುದಕ್ಕೂ ಇರುವ ವ್ಯತ್ಯಾಸಕ್ಕೆ ಹೊರಟ. ಹಸು ಬಂತು, ಕಂಬಳಿ ಬಂತು.

ನಮ್ಮವರು ಅವನ ತೋಳು ಹಿಡಿದು ನಿಲ್ಲಿಸಿದರು.

"ಮುಂಚೆ. ನೀನು ಮಾತಾಡ್ತಿದ್ದೆ ಮಾವ. ಆವಾಗ ಕಟ್ದೆ."

ಮಾವ ಟವಲಿನಿಂದ ಮುಖವನ್ನೆಲ್ಲ ಒರೆಸಿಕೊಂಡ. ನಾನು ಬಾಗಿಲಲ್ಲಿ ನಿಂತು ಅಳುತ್ತಿದ್ದೆ. ನಮ್ಮವರು ನಮ್ಮಿಬ್ಬರನ್ನೂ ಲೆಕ್ಕಿಸದೆ, ಮಂತ್ರ ಕಟ್ಟಿದ ನೌಕೆ ಏಕೆ ಬೀಳುವುದಿಲ್ಲ ಎಂಬ ರೂಲನ್ನು ಒಂದೊಂದೇ ಮಾತಾಗಿ ಬಿಡಿಸಿ ಹೇಳತೊಡಗಿದರು. ಮಾವ ಅವರ ಕಡೆ ತಿರುಗಿ ಕೂತು, ನಡುವೆ ಒಂದು ಮಾತೂ ಆಡದೆ, ಮುಗಿಯುವವರೆಗೂ ಕೇಳಿದ.